ಕುಸ್ತಿ ಚಾಪೆಗಳ ಕೋಣೆಯಲ್ಲಿ ಸಂವಿಧಾನ

ವರ್ನಾ ಸ್ಟೋಲ್ಟ್ಸ್ ಒಹಾಯೋದ ಸಣ್ಣ ಊರೊಂದರ ಚುನಾವಣಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಮನೆಯಲ್ಲಿ ಸುಮ್ಮನೆ ಕೂರಲಾರದೆ, ಸರ್ಕಾರ ಮತ್ತು ಇತಿಹಾಸದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಮಕ್ಕಳಿಗೆ ಪಾಠ ಹೇಳಲು ಊರಿನ ಹೈಸ್ಕೂಲಿಗೆ ಬಂದಳು. ಪ್ರಿನ್ಸಿಪಾಲ್ ಗ್ರೇವ್ಲಿ ಉಬ್ಬಿಹೋಗಿ, ಕುಸ್ತಿ ಚಾಪೆ ಪೇರಿಸಿಟ್ಟಿದ್ದ ಕೋಣೆಯನ್ನೇ ಬಿಟ್ಟುಕೊಟ್ಟರು. ಫುಟ್‌ಬಾಲ್ ತಂಡಕ್ಕೆ ಹೊಸ ಕಟ್ಟಡವೆದ್ದ ಮೇಲೆ ಸಂವಿಧಾನಕ್ಕೆ ಉಳಿದದ್ದು ಅಷ್ಟೇ ಜಾಗ. ಬೆವರಿನ ವಾಸನೆ ಪುಕ್ಕಟೆ.

"ಪಾಸಾಗೋಷ್ಟು ಹೇಳ್ಕೊಡಿ ಸಾಕು, ವರ್ನಾ. ಅದಕ್ಕಿಂತ ಜಾಸ್ತಿ ತಲೆಗೆ ತುಂಬ್ಬೇಡಿ," ಎಂದರು.

ಇಮಾನಿ ಎಂಬ ಕೊನೆಯ ವರ್ಷದ ಹುಡುಗಿ ಅದಾಗಲೇ ಎರಡು ಸಲ ನಪಾಸಾಗಿದ್ದಳು. ಒಂದು ಮಧ್ಯಾಹ್ನ ಪಾಠದ ಪುಸ್ತಕ ಓದುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಮಿಸ್, ಸಾರ್ವಜನಿಕ ಮಂಡಳಿಗಳು ಬಾಗಿಲು ಹಾಕ್ಕೊಂಡು ವೋಟು ಹಾಕೋ ಹಾಗಿಲ್ಲ ಅಂತಿದೆ. ಮತ್ತೆ ನಮ್ಮ ಸ್ಕೂಲ್ ಬೋರ್ಡು ಊಟದ ಹೊತ್ತನ್ನ ಇಪ್ಪತ್ತು ನಿಮಿಷಕ್ಕೆ ಇಳಿಸ್ತಲ್ಲ?"

"ಬಾಗಿಲು ಹಾಕ್ಕೊಂಡೇ ಇಳಿಸಿದ್ರು."

"ಅಂದ್ರೆ ತಪ್ಪಲ್ವಾ?"

"ಒಳ್ಳೇ ಪ್ರಶ್ನೆ. ಇನ್ನೊಂದ್ಸಲ ಗಟ್ಟಿಯಾಗಿ ಓದು."

ಬೋರ್ಡಿನ ಮುಂದಿನ ಸಭೆಗೆ ಇಮಾನಿ ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ಹೋದಳು. ವರ್ನಾ ಕೊನೆಯ ಸಾಲಿನಲ್ಲಿ ಕೂತು, ಸ್ವೆಟರ್ ಹೆಣೆಯುವವಳಂತೆ ನಟಿಸಿದಳು. ಊರವರೇ ಆರಿಸುವ ಆ ಐವರ ಬೋರ್ಡಿನ ಅಧ್ಯಕ್ಷ ಡ್ವೈಟ್ ಕೆಸೆಲ್ ಟ್ರ್ಯಾಕ್ಟರ್ ಮಾರುವವನು. ಪ್ರಜಾಪ್ರಭುತ್ವವೆಂದರೆ ಅವನಿಗೆ ಪ್ರಾಣ, ಅದಕ್ಕೆ ಕೋಟಿನ ಮೇಲೆ ಸದಾ ಬಾವುಟದ ಪಿನ್ನು ಚುಚ್ಚಿಕೊಂಡಿರುತ್ತಿದ್ದ. ಇಮಾನಿ ಕಾನೂನನ್ನು ಓದಿ ಮುಗಿಸುವಷ್ಟರಲ್ಲಿ ಅವನ ಮುಖ ಕೆಂಪಗಾಗಿತ್ತು.

"ಇದನ್ನೆಲ್ಲ ನಿಂಗ್ಯಾರಮ್ಮ ಹೇಳ್ಕೊಟ್ಟಿದ್ದು?"

"ನೀವೇ ಸಾರ್! ಈ ಪಾಠದಲ್ಲಿ ಪಾಸಾಗ್ದಿದ್ರೆ ಸರ್ಟಿಫಿಕೇಟ್ ಇಲ್ಲ ಅಂದೋರು ನೀವೇ ಅಲ್ವಾ?"

ಸಭೆ ಗೊಳ್ಳೆಂದಿತು. ಬೋರ್ಡಿನ ವಕೀಲರು ಅಧ್ಯಕ್ಷನ ಕಿವಿಯಲ್ಲಿ ಪಿಸುಗುಟ್ಟಿದರು. ಬೋರ್ಡು ತನ್ನ ತಪ್ಪನ್ನು ದೊಡ್ಡ ಮನಸ್ಸಿನಿಂದ ತಿದ್ದಿಕೊಂಡಿತು: ಬಾಗಿಲು ತೆರೆದಿಟ್ಟು, ಎಲ್ಲರ ಕಣ್ಣೆದುರಿಗೇ ಮತ್ತೆ ವೋಟು ಹಾಕಿತು. ಪರ ಮೂರು, ವಿರುದ್ಧ ಎರಡು. ಊಟಕ್ಕೆ ಅದೇ ಇಪ್ಪತ್ತು ನಿಮಿಷ, ಆದರೆ ಈಗ ಕಾನೂನುಬದ್ಧ.

ನವೆಂಬರಿನಲ್ಲಿ ಕೆಸೆಲ್‌ನ ಸ್ಥಾನಕ್ಕೆ ಚುನಾವಣೆ. ಹದಿನೆಂಟು ತುಂಬಿದ ಮಕ್ಕಳಿಂದ ವರ್ನಾ ಮತದಾರರ ಅರ್ಜಿ ತುಂಬಿಸಿದಳು. ಯಾರಿಗೆ ಹಾಕಿ ಎಂದು ಮಾತ್ರ ತುಟಿ ಬಿಚ್ಚಲಿಲ್ಲ. ಕೆಸೆಲ್ ಒಂಬತ್ತು ಮತಗಳಿಂದ ಸೋತ. ಗೆದ್ದು ಬಂದ ದಂತವೈದ್ಯೆ ಲಿಂಡ್‌ಕ್ವಿಸ್ಟ್ ಊಟದ ವಿಷಯ ಗಂಭೀರವಾದದ್ದೆಂದು ಘೋಷಿಸಿ, ಸಮಿತಿಯೊಂದನ್ನು ನೇಮಿಸಿದಳು. ಸಮಿತಿ ವಿಷಯವನ್ನು ನಿಧಾನವಾಗಿ ಅಗಿಯುತ್ತ ಕೂತಿತು. ಮಕ್ಕಳಿಗೆ ಅಗಿಯಲು ಅಷ್ಟು ಪುರಸೊತ್ತಿರಲಿಲ್ಲ.

ಅಷ್ಟರಲ್ಲಿ ಪರೀಕ್ಷೆ ಪಾಸಾಗಿದ್ದ ಇಮಾನಿ ಧುಮುಗುಡುತ್ತ ಬಂದಳು. "ಆಯಪ್ಪನ್ನ ಓಡ್ಸಿದ್ವಿ ಮಿಸ್! ಆದ್ರೂ ಏನೂ ಬದಲಾಗ್ಲಿಲ್ಲ. ಈ ಪುಸ್ತಕ ಎಲ್ಲಾ ಬರೀ ಬೊಗಳೆ!"

"ಈಗ ನಿಂಗೆ ಪಾಠ ತಲೆಗೆ ಹತ್ತಿದೆ," ಎಂದು ವರ್ನಾ ನಕ್ಕಳು. "ಎರಡು ವರ್ಷ ಬಿಟ್ಟು ಬೋರ್ಡಿನ ಇನ್ನೆರಡು ಸೀಟಿಗೆ ಚುನಾವಣೆ ಬರುತ್ತೆ. ನಿಂಗೆಷ್ಟು ವಯಸ್ಸು?"

"ಹದಿನೆಂಟು. ಯಾಕೆ?"

ವರ್ನಾ ಚೀಲದಿಂದ ಅಭ್ಯರ್ಥಿಯ ಅರ್ಜಿ ತೆಗೆದು ಚಾಪೆಗಳ ಮೇಲಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟಳು.