ಶನಿವಾರದ ಎಣ್ಣೆ

ಹುಬ್ಬಳ್ಳಿಯ ಗಬ್ಬೂರು ಬೈಪಾಸ್ ಪಕ್ಕದಲ್ಲಿ ಲಾರಿಗಳ ವೈರಿಂಗ್ ರಿಪೇರಿ ಮಾಡುವ ಗ್ಯಾರೇಜು ನನ್ನದು. ಈ ಕೆಲಸದಲ್ಲಿರುವವನ ಕೈ ಎಂದೂ ಪೂರ್ತಿ ಸ್ವಚ್ಛವಾಗುವುದಿಲ್ಲ. ಆದರೆ ಶನಿವಾರ ಸಂಜೆ ಮಾತ್ರ ನಾನು ಹೆಣ್ಣು ನೋಡಲು ಹೊರಟವನ ಹಾಗೆ ಕೈ ತೊಳೆಯುತ್ತಿದ್ದೆ. ಮೊದಲು ಡೀಸೆಲ್, ಆಮೇಲೆ ಕಟ್ಟಿಗೆಯ ಹೊಟ್ಟು, ಕೊನೆಗೆ ಬಟ್ಟೆ ಸಾಬೂನು. ಉಗುರಿನ ಸಂದಿಯನ್ನು ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಪಕ್ಕದ ಟೈರ್ ಅಂಗಡಿಯ ಕಾಕಾ ಕೂತಲ್ಲಿಂದಲೇ ಚೇಷ್ಟೆ ಮಾಡುತ್ತಿದ್ದರು. "ಏನೋ, ಕೈ ತೊಳಿಯಾಕತ್ತೀಯೋ ಇಲ್ಲಾ ಚರ್ಮ ಸುಲಿಯಾಕತ್ತೀಯೋ?" ಮಾಡಲಿ ಬಿಡಿ. ಅದು ನನ್ನ ಮಗಳ ತಲೆಗೆ ಎಣ್ಣೆ ಹಚ್ಚುವ ದಿನ.

ಶನಿವಾರ ಎಣ್ಣೆ, ಭಾನುವಾರ ಬೆಳಿಗ್ಗೆ ತಲೆಸ್ನಾನ, ಆಮೇಲೆ ಚರ್ಚು. ಇದು ನನ್ನವ್ವನ ಕಾಲದಿಂದ ನಮ್ಮ ಮನೆಯಲ್ಲಿ ನಡೆದುಬಂದದ್ದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಶನಿವಾರ ಅವಳಿಗೆ ಹೆಚ್ಚಾಗಿ ಮಧ್ಯಾಹ್ನದ ಪಾಳಿ, ನಾನು ಬರುವವರೆಗೆ ಪಕ್ಕದ ಮನೆಯ ಅಜ್ಜಿ ಬಂದು ಕೂಸಿನ ಹತ್ತಿರ ಇರುತ್ತಿದ್ದಳು. ಹಾಗಾಗಿ ಮಗಳ ತಲೆ ಅವಳು ಹಸುಗೂಸಾಗಿದ್ದಾಗಿನಿಂದ ನನ್ನ ಪಾಲಿಗೆ ಬಂದಿತ್ತು. ಗಂಡಸು ಜಡೆ ಹೆಣೆಯುವುದೇ ಎಂದು ಓಣಿಯವರು ಮೂಗು ಮುರಿದರು. ಲಾರಿಯ ವೈರುಗಳ ಗೊಂಚಲನ್ನು ಬಿಡಿಸಿ ಹೆಣೆಯುವವನಿಗೆ ಮೂರೆಳೆಯ ಜಡೆ ಯಾವ ಲೆಕ್ಕ?

ನಾಲ್ಕು ತುಂಬಿದರೂ ಮಗಳು ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಒಂದು ಕಡೆ ಕೂಡುವುದಂತೂ ಇಲ್ಲವೇ ಇಲ್ಲ. ಗೋಡೆಯಿಂದ ಗೋಡೆಗೆ ಓಡುವುದೇ ಅವಳ ಆಟ. ಯಾರಾದರೂ ಮುಟ್ಟಿದರೆ ಕೊಸರಿಕೊಂಡು ಹೋಗುತ್ತಿದ್ದಳು, ಹೆತ್ತ ತಾಯಿಯಾದರೂ ಅಷ್ಟೇ. ಆದರೆ ಶನಿವಾರ ನಾನು ಹೊಸ್ತಿಲು ದಾಟುವುದೇ ತಡ, ಅಡುಗೆಮನೆಯಿಂದ ಎಣ್ಣೆ ಹಾಕುವ ಸ್ಟೀಲಿನ ಸಣ್ಣ ಬಟ್ಟಲು ತಂದು ನನ್ನ ಅಂಗೈಯಲ್ಲಿಡುತ್ತಿದ್ದಳು. ಆಮೇಲೆ ಬೆನ್ನು ತಿರುಗಿಸಿ ನನ್ನ ಮೊಣಕಾಲುಗಳ ನಡುವೆ ಕೂತುಬಿಡುತ್ತಿದ್ದಳು. ಶನಿವಾರ ಎಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ. ನನ್ನ ಕೈಯ ಸಾಬೂನಿನ ವಾಸನೆಯಿಂದ ಇರಬೇಕು. ಬೆಚ್ಚಗಿನ ಕೊಬ್ಬರಿ ಎಣ್ಣೆ ನೆತ್ತಿಗೆ ಬಿದ್ದರೆ ಅವಳ ಭುಜಗಳು ಇಳಿಯುತ್ತಿದ್ದವು. ನಾನು ಕೈ ತೆಗೆದರೆ ತಲೆಯನ್ನು ಹಿಂದಕ್ಕೆ ನನ್ನ ಹೊಟ್ಟೆಗೆ ಒತ್ತಿ "ಇನ್ನ" ಅನ್ನುತ್ತಿದ್ದಳು. ಅವಳ ಬಾಯಲ್ಲಿದ್ದದ್ದು ಅದೊಂದೇ ಮಾತು. ಬೇರೆ ಯಾವ ದಿನವೂ ಅದನ್ನು ಆಡುತ್ತಿರಲಿಲ್ಲ, ಬೇರೆ ಯಾರಿಗೂ ಆಡುತ್ತಿರಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಸೊಕ್ಕೇ ಇತ್ತು ಅನ್ನಿ.

ನಮ್ಮ ಚರ್ಚಿನವರ ಶಾಲೆಯ ಶಿಶುವರ್ಗಕ್ಕೆ ಅವಳನ್ನು ಕರೆದುಕೊಂಡು ಹೋದೆವು. ಮಕ್ಕಳು ಹಾಡು ಶುರು ಮಾಡಿದ್ದೇ ತಡ, ಕಿವಿ ಮುಚ್ಚಿಕೊಂಡು ಚೀರುತ್ತ ಗೇಟಿನ ಕಡೆ ಓಡಿದಳು. ಮೇಡಂ ಒಳ್ಳೆಯವರು, ನಮ್ಮನ್ನು ಕೂರಿಸಿ ನೀರು ಕೊಟ್ಟು ಹೇಳಿದರು: "ಇನ್ನೊಂದ ವರ್ಷ ಬಿಟ್ಟ ಕರಕೊಂಡ ಬರ್ರಿ. ಮಾತ ಆಮ್ಯಾಲ ನೋಡೂಣು, ಮೊದಲ ಒಂದ ಕಡೆ ಕೂಡೂದ ಕಲೀಬೇಕ್ರಿ." 

ಧಾರವಾಡದಲ್ಲಿ ಡಾಕ್ಟರಿಗೆ ತೋರಿಸಿದೆವು. ಮಾತಿನ ತರಬೇತಿ, ಆಟದ ಪಾಠ, ಅದರ ಜೊತೆ ನ್ಯೂರೋಫೀಡ್‌ಬ್ಯಾಕ್ ಎಂಬುದನ್ನೂ ಮಾಡಿಸಿ ನೋಡಬಹುದು ಎಂದರು. ಕೆಲವು ಮಕ್ಕಳಿಗೆ ಅನುಕೂಲವಾಗುತ್ತದೆ, ಎಲ್ಲರಿಗೂ ಆಗುತ್ತದೆ ಎಂದು ಹೇಳಲಾರೆ ಎಂದೂ ಅಂದರು. ಮುಳುಗುವವನಿಗೆ ಅಷ್ಟು ಸಾಕಲ್ಲವೇ.

ಹುಬ್ಬಳ್ಳಿಯಲ್ಲಿ ಅದನ್ನು ಮಾಡುವ ಕಡೆ ನಾನೂ ಮಗಳೂ ಹೋದೆವು. ಮಹಡಿಯ ಮೇಲೊಂದು ಕೋಣೆ, ಒಂದು ಕುರ್ಚಿ, ಎದುರಿಗೆ ಟಿವಿ. ನಡೆಸುವವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ತಾಳ್ಮೆಯವಳು. ಕೂಸಿನ ನೆತ್ತಿಯ ಮೇಲೆ ಕೂದಲು ಬಿಡಿಸಿ, ಬಿಳಿ ಪೇಸ್ಟಿನಿಂದ ವೈರು ಹಚ್ಚಿದ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಎರಡೂ ಕಿವಿಗೆ ಒಂದೊಂದು ಕ್ಲಿಪ್ಪು. ಅದರಿಂದ ಕರೆಂಟು ಒಳಗೆ ಹೋಗುವುದಿಲ್ಲ, ಮೆದುಳಿನಿಂದ ಬರುವ ಸಣ್ಣ ಅಲೆಗಳನ್ನು ಯಂತ್ರ ಓದುತ್ತದೆ, ಅಷ್ಟೇ. ಟಿವಿಯಲ್ಲಿ ಒಂದು ಬಣ್ಣದ ಮೀನು ಈಜುತ್ತಿರುತ್ತದೆ. ಮಗುವಿನ ಮನಸ್ಸು ನೆಲೆ ನಿಂತರೆ ಮೀನು ಹೊಳೆಯುತ್ತದೆ, ಚದುರಿದರೆ ಪರದೆ ಕಪ್ಪಾಗುತ್ತದೆ. ಮೀನು ಬೇಕೆನ್ನುವ ಆಸೆಗೆ ಮೆದುಳು ತಾನೇ ದಾರಿ ಕಲಿಯಬೇಕು.

ಮೊದಲ ದಿನ ಪೇಸ್ಟು ಹಿಡಿಯಲೇ ಇಲ್ಲ. ಬಿಲ್ಲೆ ಇಟ್ಟಲ್ಲಿಂದ ಜಾರುತ್ತಿತ್ತು. ಆ ಹೆಣ್ಣುಮಗಳು ಬೆರಳಿನಿಂದ ಮಗಳ ಕೂದಲು ಮುಟ್ಟಿ ನೋಡಿದಳು.

"ತಲಿಗೆ ಎಣ್ಣಿ ಹಚ್ಚೀರೇನ್ರಿ?"

"ಶನಿವಾರ ಹಚ್ಚತೇವ್ರಿ."

"ಇದು ಮುಗಿಯೂತನಕಾ ಬ್ಯಾಡ್ರಿ. ವಾರದಾಗ ಮೂರ ಸಲ ಬರತೀರಿ, ಎಣ್ಣಿ ಪೂರಾ ಹೋಗಂಗಿಲ್ಲ. ಎಣ್ಣಿ ಇದ್ರ ಮೆದುಳಿನ ಅಲಿ ಸರಿಯಾಗಿ ಸಿಗಂಗಿಲ್ರಿ."

ನಾನು ವಾದ ಮಾಡಲಿಲ್ಲ. ಹೇಗೆ ಮಾಡಲಿ? ದಿನಾ ಬೆಳಗಾದರೆ ಲಾರಿ ಡ್ರೈವರುಗಳಿಗೆ ನಾನು ಬೈಯುವುದೂ ಅದನ್ನೇ. ಬ್ಯಾಟರಿಯ ಟರ್ಮಿನಲ್ಲಿಗೆ ಜಿಡ್ಡು ಮೆತ್ತಿದ್ದರೆ ಕಾಂಟ್ಯಾಕ್ಟ್ ಎಲ್ಲಿಂದ ಬರಬೇಕು? ಮನೆಗೆ ಬಂದು ಹೆಂಡತಿಗೂ ಹಾಗೆಯೇ ತಿಳಿಸಿ ಹೇಳಿದೆ. ಅವಳಿಗೆ ರೇಗಿತು. "ಕೂಸಿನ ತಲಿ ಅಂದ್ರ ಬ್ಯಾಟ್ರಿ ಅಂತ ತಿಳಕೊಂಡೀರೇನ್ರಿ?" ಎಂದಳು. ಎಣ್ಣೆ ಬಿಡಬೇಡ ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ.

ಆ ಶನಿವಾರ ಮಗಳು ಎಂದಿನ ಹಾಗೆ ಬಟ್ಟಲು ತಂದು ಅಂಗೈಯಲ್ಲಿಟ್ಟಳು. ಬೆನ್ನು ತಿರುಗಿಸಿ ಕೂತಳು. ನಾನು ಖಾಲಿ ಬಟ್ಟಲು ಹಿಡಿದುಕೊಂಡು ಕೂತೆ. ಒಣಗೈಯಿಂದ ತಲೆ ಸವರಿದೆ, ಅವಳಿಗೆ ಅದು ಬೇಕಿರಲಿಲ್ಲ. "ಇನ್ನ" ಎಂದಳು. ಇನ್ನೂ ಏನನ್ನೂ ಕೊಟ್ಟಿರಲಿಲ್ಲ ನಾನು. ತಲೆಯನ್ನು ಹಿಂದಕ್ಕೆ ನನ್ನ ಹೊಟ್ಟೆಗೆ ಒತ್ತಿ ಒತ್ತಿ "ಇನ್ನ, ಇನ್ನ" ಎಂದಳು. ಹೊತ್ತು ಮುಳುಗುವವರೆಗೂ ಹಾಗೆಯೇ ಕೂತಿದ್ದಳು. ಮುಂದಿನ ಶನಿವಾರವೂ ತಂದಳು. ಅದರ ಮುಂದಿನದೂ. ಕೊನೆಗೆ ನಾನೇ ಬಟ್ಟಲನ್ನು ಅಟ್ಟದ ಮೇಲಿಟ್ಟೆ. ಅವಳು ಅಡುಗೆಮನೆಯ ಕಟ್ಟೆಯನ್ನೆಲ್ಲ ತಡಕಾಡಿ ಬರಿಗೈಲಿ ಬಂದು ನನ್ನ ಕೈ ನೋಡಿದಳು. ಅಷ್ಟಾದ ಮೇಲೆ ಶನಿವಾರ ನಾನು ಬಂದರೂ ಅವಳು ಏಳಲಿಲ್ಲ. ನಾನೂ ಕೈಯನ್ನು ಅಷ್ಟು ತಿಕ್ಕಿ ತೊಳೆಯುವುದನ್ನು ಬಿಟ್ಟೆ.

ಮಹಡಿಯ ಆ ಕುರ್ಚಿಯಲ್ಲಿ ಮಗಳು ಮೊದಮೊದಲು ಬಹಳ ಅಳುತ್ತಿದ್ದಳು. ತಣ್ಣನೆಯ ಪೇಸ್ಟು ನೆತ್ತಿಗೆ ತಾಗಿದರೆ ಸಾಕು, ಹಲ್ಲು ಕಚ್ಚಿ ಚೀರುತ್ತಿದ್ದಳು. ಎಣ್ಣೆ ಸುರಿಯುತ್ತಿದ್ದ ಜಾಗವೇ ಅದು. ನಾನು ಹಿಂದೆ ನಿಂತು ಭುಜ ಹಿಡಿದು ಕಿವಿಯಲ್ಲಿ ಹೇಳುತ್ತಿದ್ದೆ: "ಅಳಬ್ಯಾಡ ನನ್ನವ್ವಾ. ಅತ್ತರ ಮೀನ ಹೋಗತೈತಿ. ಸುಮ್ಮನ ಕುಂತರ ಮೀನ ಬರತೈತಿ." ಅದು ಅವಳ ತಲೆಯಲ್ಲಿ ಕೂತಿತು. ದಿನ ಕಳೆದಂತೆ ಅಳು ನಿಂತಿತು.

ಒಂದು ದಿನ ಅವಳು ಗೊಂಬೆಯ ಹಾಗೆ ಅಲುಗಾಡದೆ ಕೂತಿದ್ದಳು, ಆದರೂ ಪರದೆ ಕಪ್ಪಾಗಿಯೇ ಇತ್ತು. ಮಷಿನ್ ಕೆಟ್ಟಿತೇನೋ ಎಂದು ನನಗೆ ವೈರು ಮುಟ್ಟುವ ಚಪಲ. "ಅಳವಲ್ಲಳಲ್ಲರಿ, ಮತ್ಯಾಕ?" ಎಂದೆ. ಆ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: "ಹೊರಗ ಸುಮ್ಮನ ಕುಂತಾಳ್ರಿ. ಒಳಗ ಅಳಾಕತ್ತಾಳ." ನಾನು ಭುಜದ ಮೇಲಿನ ಕೈ ತೆಗೆದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಮನೆಯಲ್ಲಿ ಮಾಡಿಸಲು ಪಾಠಗಳನ್ನೂ ಆ ಹೆಣ್ಣುಮಗಳೇ ಹೇಳಿಕೊಡುತ್ತಿದ್ದಳು. ಬಣ್ಣ ಕಲಿಸಲು ನಾನು ಗ್ಯಾರೇಜಿನಿಂದ ವೈರಿನ ತುಂಡುಗಳನ್ನು ತಂದೆ. ಕೆಂಪು, ಹಸಿರು, ಹಳದಿ. ಕೆಂಪಿಗೆ ಕೆಂಪು ಜೋಡಿಸುವುದನ್ನು ಮಗಳು ಬೇಗ ಹಿಡಿದಳು. ಆಮೇಲೆ "ಒಳಗ, ಹೊರಗ" ಕಲಿಸಬೇಕು, ಒಂದು ಬಟ್ಟಲು ಸಾಕು ಎಂದಳು ಆ ಹೆಣ್ಣುಮಗಳು. ಅಟ್ಟದಿಂದ ಆ ಸ್ಟೀಲಿನ ಬಟ್ಟಲನ್ನೇ ಇಳಿಸಿದೆ, ಕೈಗೆ ಸಿಕ್ಕಿದ್ದು ಅದು. ನನ್ನ ಕೈಯಲ್ಲಿ ಅದನ್ನು ಕಂಡ ತಕ್ಷಣ ಮಗಳು ಓಡಿ ಬಂದು ಬೆನ್ನು ತಿರುಗಿಸಿ ಮೊಣಕಾಲುಗಳ ನಡುವೆ ಕೂತಳು. ನಾನು ಅವಳ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. ವೈರಿನ ತುಂಡನ್ನು ಬಟ್ಟಲಿಗೆ ಹಾಕಿ "ಒಳಗ" ಎಂದೆ. ತೆಗೆದು "ಹೊರಗ" ಎಂದೆ. ಅವಳು ಬಟ್ಟಲನ್ನೂ ನನ್ನನ್ನೂ ನೋಡಿ, ಸ್ವಲ್ಪ ಹೊತ್ತಿನ ಮೇಲೆ "ಒಳಗ" ಎಂದಳು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಅವಳನ್ನು ಎತ್ತಿಕೊಂಡು ಕುಣಿದಳು. ನಾನೂ ನಕ್ಕೆ. ಖರೇ ಸಂತೋಷವೇ ಅದು, ಸುಳ್ಳು ಹೇಳಲಾರೆ.

ಆ ವರ್ಷ ಮಾತು ಬಂತು. ಒಂದೊಂದೇ ಶಬ್ದ, ಆಮೇಲೆ ಎರಡೆರಡು. ಮರಳಿನ ತಟ್ಟೆಯಲ್ಲಿ ಅ ತಿದ್ದಿದಳು, ಆ ತಿದ್ದಿದಳು. ಜೂನಿನಲ್ಲಿ ಅದೇ ಮೇಡಂ ಅವಳನ್ನು ಸೇರಿಸಿಕೊಂಡರು, ಅವಳು ಬೆಂಚಿನ ಮೇಲೆ ಗಂಟೆ ಹೊಡೆಯುವವರೆಗೂ ಕೂತಳು. ಮೀನು ಮಾಡಿದ್ದೋ, ಮಾತಿನ ಪಾಠ ಮಾಡಿದ್ದೋ, ಬೆಳೆಯುವ ವಯಸ್ಸೇ ಮಾಡಿದ್ದೋ, ನನಗೆ ಗೊತ್ತಿಲ್ಲ. ಡಾಕ್ಟರೂ ಗೊತ್ತಿಲ್ಲ ಎಂದರು. ಚರ್ಚಿನಲ್ಲಿ ಎಲ್ಲರೂ ಕೈ ಕುಲುಕಿದರು.

ಮಹಡಿಯ ಕೋಣೆಗೆ ಇನ್ನು ಬರುವುದು ಬೇಡ ಎಂದು ಆ ಹೆಣ್ಣುಮಗಳು ಹೇಳಿದ ವಾರ ನಾನು ಎಷ್ಟು ಹಿಗ್ಗಿದ್ದೆನೆಂದರೆ, ಕಾಕಾ ಏನು ಚೇಷ್ಟೆ ಮಾಡಿದರೂ ಕೇಳಿಸಲಿಲ್ಲ. ಡೀಸೆಲ್, ಹೊಟ್ಟು, ಸಾಬೂನು, ಬ್ರಷ್ಷು, ಎಲ್ಲ ಆಯಿತು. ಮನೆಗೆ ಬಂದು ನಾನೇ ಎಣ್ಣೆ ಬೆಚ್ಚಗೆ ಮಾಡಿ ಬಟ್ಟಲಿಗೆ ಹಾಕಿ, ಚಾಪೆಯ ಮೇಲೆ ಕೂತು ಕರೆದೆ. ಮಗಳು ಬಂದಳು. ಈಗ ಕರೆದರೆ ಬರುತ್ತಾಳೆ. ಎಣ್ಣೆಯಲ್ಲಿ ಅದ್ದಿದ ಬೆರಳು ನೆತ್ತಿಯ ಹತ್ತಿರ ಹೋಗುತ್ತಲೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗಿದಳು.

"ತಲಿ ಬ್ಯಾಡ," ಎಂದಳು. "ಪಪ್ಪಾ, ತಲಿ ಬ್ಯಾಡ."

ಅಷ್ಟು ಸ್ಪಷ್ಟ ಮಾತು. ನನ್ನನ್ನು ಪಪ್ಪಾ ಎಂದು ಕರೆದ ಮಾತು. ಅದಕ್ಕಾಗಿಯೇ ಅಲ್ಲವೇ ಗಂಡ ಹೆಂಡತಿ ಮಂಡಿಯೂರಿ ಬೇಡಿಕೊಂಡದ್ದು? ನನ್ನ ಬೆರಳಿನಿಂದ ಎಣ್ಣೆ ಚಾಪೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮುಂದಿನ ವಾರಗಳಲ್ಲೂ ಪ್ರಯತ್ನ ಮಾಡಿದೆ, ನಿದ್ದೆಯಲ್ಲಿದ್ದಾಗಲೂ ಕೈ ಇಟ್ಟು ನೋಡಿದೆ. ನಿದ್ದೆಯಲ್ಲೂ ಬಗ್ಗಿದಳು. ನಾಳೆ ಅದೇ ಆಯ್ಕೆ ನನ್ನ ಮುಂದೆ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ. ಬೆಂಚಿನ ಮೇಲೆ ಕೂತ ನನ್ನ ಮಗಳನ್ನು ನಾನು ಯಾವ ಎಣ್ಣೆಗೂ ಬಿಟ್ಟುಕೊಡುವವನಲ್ಲ. ಆದರೆ ನನ್ನ ಕೈಗೆ ಇಳಿಯುತ್ತಿದ್ದ ಆ ಭುಜಗಳು ಹೋದವು. ಅವು ಹೋದದ್ದಕ್ಕೆ ನನ್ನ ಎದೆ ಒಡೆದಿದೆ, ಇದನ್ನು ಯಾರ ಮುಂದೆ ಹೇಳಿಕೊಂಡರೂ ಹುಚ್ಚ ಅನ್ನುತ್ತಾರೆ.

ಮೊನ್ನೆ ಶನಿವಾರ ಬೇಗ ಬಂದವನು ನೆಲದ ಮೇಲೆ ಗೋಡೆಗೊರಗಿ ಕೂತಿದ್ದೆ. ಹೆಂಡತಿಗೆ ರಜೆ, ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ಬಚ್ಚಲಿನಿಂದ ಟೂತ್‌ಪೇಸ್ಟು ತಂದಳು. ನಾನು ಮುಂದೆ ಸರಿದು ಜಾಗ ಮಾಡಿಕೊಟ್ಟ ಮೇಲೆ, ನನ್ನ ಹಿಂದೆ ಬಂದು ನಿಂತು ನನ್ನ ಕೂದಲನ್ನು ಬೆರಳಿನಿಂದ ಬಿಡಿಸಿದಳು. ನೆತ್ತಿಗೆ ಒಂದು ಬೊಟ್ಟು, ಅದರ ಪಕ್ಕಕ್ಕೊಂದು. ತಣ್ಣಗಿತ್ತು. ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ತಂದು ನನ್ನ ಕಿವಿಗೆ ಸಿಕ್ಕಿಸಿದಳು. ನೋವಾಯಿತು, ಸುಮ್ಮನಿದ್ದೆ. ಆಮೇಲೆ ನನ್ನ ಗದ್ದ ಹಿಡಿದು, ಚಾಲೂ ಮಾಡದೇ ಇದ್ದ ಟಿವಿಯ ಕಡೆ ತಿರುಗಿಸಿ, ಭುಜದ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದಳು:

"ಅಳಬ್ಯಾಡ. ಅತ್ತರ ಮೀನ ಹೋಗತೈತಿ."

ನಾನು ಅಳಲಿಲ್ಲ. ಉಸಿರು ಬಿಗಿಹಿಡಿದು ನೇರವಾಗಿ ಕೂತೆ. ಅವಳು ಟಿವಿ ನೋಡಿದಳು, ಕಾದಳು, ಮತ್ತೆ ನೋಡಿದಳು. ಎದುರಿಗೆ ಬಂದು ನನ್ನ ಮುಖ ನೋಡಿದಳು.

"ಮೀನ ಬರವಲ್ದು," ಎಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು, "ಮಮ್ಮೀ, ಪಪ್ಪಾ ಅಳಾಕತ್ತಾನ."

ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನ ಅವತಾರ ನೋಡಿ ನಕ್ಕಳು. "ಎಲ್ಲಿ ಅಳಾಕತ್ತಾರ? ಸುಮ್ಮನ ಕುಂತಾರಲ್ಲ!"

ಮಗಳು ನನ್ನ ಎದೆಯ ಮೇಲೆ ಅಂಗೈ ಇಟ್ಟಳು.

"ಒಳಗ," ಎಂದಳು.