ಎಡಗಾಲಿಗೆ ಬಲ ಕೊಟ್ಟವರು

೨೦೦೯ರಲ್ಲಿ ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟು ನೆಹರು ಗಂಜ್‌ನ ಕಾಳಿನ ಮಾರುಕಟ್ಟೆಯಲ್ಲಿ ಹಮಾಲಿಗೆ ನಿಂತೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ತೊಗರಿ ಚೀಲ ಹೊತ್ತ ಮೈ ಎಂಬ ಹಮ್ಮು ಮಾತ್ರ ಬಹಳ ಇತ್ತು.

ಉಸ್ತಾದರನ್ನು ಮೊದಲು ಕಂಡದ್ದು ಅಲ್ಲೇ. ಕುಸ್ತಿಯಲ್ಲಿ ಜಜ್ಜಿ ಒಣ ಅಂಜೂರದಂತೆ ಮುದುಡಿದ ಕಿವಿಗಳು, ಹಣೆಯ ತನಕ ಸುತ್ತಿದ ಬಿಳಿ ರುಮಾಲು. ಕಮಲಾಪುರದಲ್ಲಿ ಗರಡಿ ನಡೆಸುತ್ತಿದ್ದ ಅವರು ತಮ್ಮ ಹೊಲದ ತೊಗರಿ ತಂದಿದ್ದರು. ನಾನು ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೋಗುತ್ತೇನೆ, ಹದಿನೈದು ದಾಟಿದರೆ ಎಡ ಮೊಣಕಾಲು ಹಿಡಿದು ನಿಂತುಬಿಡುತ್ತೇನೆ ಎಂದು ಯಾರೋ ಅವರಿಗೆ ಹೇಳಿದ್ದರು. ಚೀಲ ಹೊತ್ತು ನಾನು ಲಾರಿಯ ಹಲಗೆ ಏರುವುದನ್ನೇ ನೋಡುತ್ತ ನಿಂತರು. ಬಲಗಾಲು ಮುಂದಿಟ್ಟೇ ಏರುವುದು ನಮ್ಮ ಹಮಾಲರ ರೂಢಿ, ಶುಭವೆಂದು.

"ತಮ್ಮಾ, ಚೀಲ ಎಲ್ಲಾ ನಿನ್ನ ಬಲಗಾಲೇ ಹೊರ್ತದ. ಎಡಗಾಲು ಬರೇ ಜೊತಿಗಿ ಬರ್ತದ," ಅಂದರು.

ನನಗೆ ಸಿಟ್ಟು ಬಂತು. ಹಾಗಾದರೆ ಎಡಗಾಲೊಂದರಲ್ಲೇ ಈ ಚೀಲದ ಮೇಲೆ ಕೂತು ಎದ್ದು ತೋರಿಸು ಎಂದರು. ಕೂತೆ. ಏಳಲಾಗಲಿಲ್ಲ. "ಪೈಲ್ವಾನರಿಗಿ ಕ್ರೇನ್ ತರಸ್ರೆಪಾ," ಎಂದ ಜೊತೆಗಾರನೊಬ್ಬ.

ಮುಂದಿನ ವಾರ ಕಮಲಾಪುರದ ಬಸ್ಸು ಹತ್ತಿದೆ. ವಾರಕ್ಕೆ ಎರಡೇ ದಿನ ಕಲಿಸುತ್ತಿದ್ದರು. ಒಂಟಿಕಾಲಲ್ಲಿ ಕೂತು ಏಳುವ ಬೈಠಕ್, ಕಬ್ಬಿಣದ ಗುಂಡು ಹಿಡಿದು ಕಟ್ಟೆ ಏರುವುದು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಇಳಿಸುವುದು. ಭಾರ ಜಾಸ್ತಿ, ಎಣಿಕೆ ಐದೇ. ನಡುನಡುವೆ ಕೂರಿಸಿಬಿಡುವರು. ನಾನು ಚಡಪಡಿಸಿದರೆ, "ಕೂಡ್ರು. ಬಲ ಕೂತಾಗ ಬರ್ತದ," ಅನ್ನುವರು.

ಅವರಿಗೆ ಹೃದಯದ ಕಾಯಿಲೆ ಇತ್ತು. ನಾನೊಮ್ಮೆ ನಿಲ್ಲದೆ ಓಟ ಮುಗಿಸುವುದನ್ನು ಕಣ್ಣಾರೆ ನೋಡಬೇಕು, ಅಷ್ಟೇ ಅವರ ಆಸೆ. ಓಟಕ್ಕೆ ವಾರ ಇರುವಾಗ ಬೈಠಕ್ ಮುಟ್ಟಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಎರಡು ದಿನ ಉಳಿದಿತ್ತು. ಅಂದು ಗಂಜ್‌ನಲ್ಲಿ, ಐದೇ ಬೈಠಕ್ಕಿನ ಪೈಲ್ವಾನ ಎಂದು ಜೊತೆಗಾರರು ಚುಚ್ಚಿದರು. ಹೆಗಲ ಮೇಲೆ ಚೀಲ ಇಟ್ಟುಕೊಂಡು ನೂರು ಹೊಡೆದು ತೋರಿಸಿದೆ.

ಓಟದ ದಿನ ಸೇಡಂ ರಸ್ತೆಯಲ್ಲಿ, ಇನ್ನು ಮೂರೇ ಕಿಲೋಮೀಟರ್ ಇರುವಾಗ, ತೊಡೆ ಸೆಟೆದು ಕುಸಿದೆ. ಡಾಕ್ಟರು ಬೇಡವೆಂದರೂ ಬೆಳಗಿನ ಬಸ್ಸಿಗೆ ಬಂದ ಉಸ್ತಾದರು ಅಲ್ಲೇ ರಸ್ತೆ ಬದಿಗೆ ನಿಂತಿದ್ದರು. ಬಂದು ಪಕ್ಕದಲ್ಲಿ ಕೂತು ತೊಡೆ ಒತ್ತಿದರು. ಅವರ ಉಸಿರೇ ಮೇಲಕ್ಕೆ ಹತ್ತಿತ್ತು. ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದೆ. ಬೈಯಲಿಲ್ಲ.

"ಎಲ್ಲಾರಿಗೂ ಯಾಕ ತೋರಸ್ಲಾಕ ಹೋದಿ ತಮ್ಮಾ? ನಾ ಒಬ್ಬಾವ ನೋಡಿದ್ರ ಸಾಕಿತ್ತಲ್ಲ."

ಮುಂದಿನ ಓಟಕ್ಕೆ ನಾಲ್ಕು ತಿಂಗಳಿರುವಾಗ ತೀರಿಕೊಂಡರು. ಕಮಲಾಪುರಕ್ಕೆ ಹೋಗಿ ಮಣ್ಣು ಹಾಕಿ ಬಂದೆ.

ಈಗ ನನಗೆ ಎರಡು ಕೋಣೆಯ ಮನೆ ಇದೆ. ಇಬ್ಬರು ಹೆಣ್ಣುಮಕ್ಕಳು. ಎರಡು ಜೊತೆ ಬೂಟು. ನಿಲ್ಲದೆ ಮುಗಿಸಿದ ಓಟ ಆರು. ಉಸ್ತಾದರು ನೋಡಿದ್ದು ಒಂದೂ ಇಲ್ಲ.