ರಸ್ತೆಗೆ ಬೆನ್ನು ಹಾಕಿದ ಶಾಲೆ

ಇವತ್ತು ಬೆಳಿಗ್ಗೆ ನಮ್ಮ ಮನೆಗೆ ಒಬ್ಬ ಎಂಜಿನಿಯರ್ ಬಂದಿದ್ದಳು. ಕಂಕುಳಲ್ಲಿ ಸುತ್ತಿದ ನಕ್ಷೆ, ನಕ್ಷೆಯ ತುದಿಗೆ ಅಂಟಿದ ಒಂದು ಚೂರು ಅರಳೆ. ಆದವಾನಿಯ ಮಾರ್ಕೆಟ್ ರಸ್ತೆಯಲ್ಲಿ ನಡೆದು ಬಂದವರಿಗೆ ಅರಳೆ ಅಂಟುವುದು ಹೊಸದಲ್ಲ. ಬಂದವಳಿಗೆ ನೀರು ಕೊಡುವುದನ್ನೂ ಮರೆತು ನಾನು ಆ ಚೂರನ್ನು ಕಿತ್ತು ಬೆರಳಲ್ಲಿ ಹೊಸೆದೆ. ಹಸಿ ಹತ್ತಿಕಾಳಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಅವಳು ಕೇಳಿಯೇಬಿಟ್ಟಳು.

"ಅಮ್ಮಾ, ಹೆಣ್ಮಕ್ಕಳ ಸ್ಕೂಲು ಕಟ್ಟಿದವರು ಯಾರ್ರಿ? ರೋಡಿಗೆ ಬೆನ್ನು ಹಾಕಿ ಕಟ್ಟ್ಯಾರ. ಪ್ಲಾನು ಉಲ್ಟಾ ಹಿಡದಿದ್ರೇನು?"

ಆ ಬೆನ್ನುಗೋಡೆಯನ್ನು ಒಡೆದು ರಸ್ತೆಯ ಕಡೆಗೆ ಬಾಗಿಲು, ಕಿಟಕಿ ಇಡುವ ಯೋಚನೆಯಂತೆ. ಹಳೆಯ ಟೀಚರ್ ಇನ್ನೂ ಬದುಕಿದ್ದಾಳೆ, ಅವಳ ಅಭಿಪ್ರಾಯವನ್ನೂ ಬರೆಸಿಕೊಂಡು ಬಾ ಎಂದು ಶಾಲೆಯ ಕಮಿಟಿಯವರು ಕಳಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆ ಗೋಡೆಗಾಗಿ ನಾನು ಊರಿನ ಮುಂದೆ ಮರ್ಯಾದೆಯನ್ನೇ ಪಣಕ್ಕಿಟ್ಟಿದ್ದೆ ಎಂದು ಈ ಹುಡುಗಿಗೆ ಹೇಗೆ ಹೇಳಲಿ? ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೇಳಿ.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಆದವಾನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಾನು ಇಪ್ಪತ್ತೆರಡರ ವಿಧವೆ, ಹೆಣ್ಣುಮಕ್ಕಳ ಶಾಲೆಗೆ ಇದ್ದೊಬ್ಬಳೇ ಟೀಚರ್. ಶಾಲೆ ನಡೆಯುತ್ತಿದ್ದ ಬಾಡಿಗೆ ಮನೆಯ ಮಣ್ಣಿನ ಮಾಳಿಗೆ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು. ಪುಣ್ಯಕ್ಕೆ ಅಂದು ಭಾನುವಾರ. ಶಾಲೆ ನಡೆಸುತ್ತಿದ್ದ ಜಿಲ್ಲಾ ಬೋರ್ಡಿನವರು ಮಾರ್ಕೆಟ್ ರಸ್ತೆಯ ಪಕ್ಕದಲ್ಲಿ ಜಾಗ ಗೊತ್ತುಮಾಡಿ, ಕಟ್ಟಡ ಏಳುವ ತನಕ ಅಲ್ಲೇ ಒಂದು ಚಪ್ಪರ ಹಾಕಿಸಿಕೊಟ್ಟರು. ಸುತ್ತ ಬಿದಿರಿನ ತಟ್ಟಿ. ಮುಂದೆ ಕಲ್ಲಿನ ಕಾಂಪೌಂಡು ಎಷ್ಟು ಎತ್ತರ ಬರುತ್ತದೋ ಸರಿಯಾಗಿ ಅಷ್ಟೇ ಎತ್ತರದ ತಟ್ಟಿ.

ಎತ್ತರವನ್ನು ನಿಶ್ಚಯಿಸಿದವರು ಬೋರ್ಡಿನ ಓವರ್ಸಿಯರು. ಕೆಟ್ಟ ಮನುಷ್ಯರಲ್ಲ, ಬಹಳ ಅಚ್ಚುಕಟ್ಟು. ತಾವೇ ರಸ್ತೆಯಲ್ಲಿ ನಿಂತು, ಕೊಡೆಯನ್ನು ತಲೆಯ ಮೇಲೆ ನೆಟ್ಟಗೆ ಹಿಡಿದು, ಅದರ ತುದಿಯ ಮಟ್ಟಕ್ಕೆ ಗೆರೆ ಎಳೆಸಿದ್ದರು. "ಎಷ್ಟು ಉದ್ದದ ಮನುಷ್ಯ ಹೋದರೂ ಒಳಗಿನದು ಕಾಣೋದಿಲ್ಲ, ನಿಶ್ಚಿಂತೆಯಾಗಿರ್ರಿ," ಎಂದಿದ್ದರು. ನಾನೂ ನಿಶ್ಚಿಂತೆಯಾಗಿದ್ದೆ. ಸುಳ್ಳೇಕೆ ಹೇಳಲಿ, ನನಗೂ ಹೊಳೆದಿರಲಿಲ್ಲ.

ಹೊಳೆಯಿಸಿದವನು ಉರುಕುಂದಪ್ಪ, ನನ್ನ ಶಾಲೆಯ ತಿಮ್ಮಕ್ಕನ ಅಪ್ಪ. ಯರೆಹೊಲದ ಊರುಗಳಿಂದ ಹತ್ತಿ ಹೇರಿಕೊಂಡು ಜಿನ್ನಿಂಗ್ ಮಿಲ್ಲಿಗೆ ಗಾಡಿ ಹೊಡೆಯುತ್ತಿದ್ದ. ಹೆಂಡತಿ ಸತ್ತಮೇಲೆ ಮಗಳನ್ನು ಆದವಾನಿಯ ತಂಗಿಯ ಮನೆಯಲ್ಲಿ ಬಿಟ್ಟು, ಯಾರು ಏನೆಂದರೂ ಕೇಳದೆ ಓದಿಸುತ್ತಿದ್ದ. ಹುಡುಗಿಗೆ ಹನ್ನೊಂದು ತುಂಬಿತ್ತು. ಒಂದು ದಿನ ಬಾಗಿಲ ಹೊರಗೇ ನಿಂತು, ರುಮಾಲು ಕೈಯಲ್ಲಿ ಹಿಡಿದು ಹೇಳಿದ.

"ಟೀಚರಮ್ಮಾ, ನಾನು ಹೇರಿನ ಮ್ಯಾಲೆ ಕುಂತು ಬರ್ತೀನ್ರಿ. ತಟ್ಟಿ ಒಳಗ ಎಲ್ಲಾ ಹುಡುಗ್ಯಾರು ಕಾಣ್ತಾರ. ನನಗ ಕಂಡಂಗ ಹಿಂದಿನ ಗಾಡ್ಯಾವಗೂ ಕಾಣ್ತಾರ. ನಿನ್ನೆ ಅವನು ನನ್ನ ಮಗಳ ಮಾತು ಆಡಿದ. ಗೋಡಿನೂ ಇಷ್ಟೇ ಎತ್ತರ ಅಂದ್ರ ಆಕೀನ ಬಿಡಸ್ತೀನ್ರಿ."

ಬಿಡಿಸಿದರೆ ಮುಂದೇನೆಂದು ಕೇಳುವ ಅಗತ್ಯವಿರಲಿಲ್ಲ. ಚಿಪ್ಪಗಿರಿ ಕಡೆಯ ಸಂಬಂಧವೊಂದು ಆಗಲೇ ತಂಗಿಯ ಮನೆಯ ಜಗಲಿಗೆ ಬಂದು ಕೂತೆದ್ದು ಹೋಗಿತ್ತು. ತಿಮ್ಮಕ್ಕನ ಹಿಂದೆಯೇ ಉಳಿದ ದೊಡ್ಡ ಹುಡುಗಿಯರೂ ಹೋಗುತ್ತಾರೆ, ಆಮೇಲೆ ಶಾಲೆಗೇ ಬೀಗ. ಓವರ್ಸಿಯರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ನಕ್ಷೆ ಮೇಲಿನಿಂದ ಮಂಜೂರಾಗಿ ಬಂದಿದೆಯಮ್ಮಾ," ಎಂದರು.

ಕಟ್ಟಡದ ಕೆಲಸಕ್ಕೆ ಇಬ್ಬರು ಟೆಂಡರು ಹಾಕಿದ್ದರು. ಒಬ್ಬ ಬಳ್ಳಾರಿಯ ಗುತ್ತೇದಾರ. ಅಚ್ಚು ಹಾಕಿಸಿದ ಕಾಗದ, ಸೊಗಸಾದ ಸಹಿ, ಜಾಗದ ಕಡೆಗೆ ಒಮ್ಮೆಯೂ ಬಂದವನಲ್ಲ. ಇನ್ನೊಬ್ಬ ನಮ್ಮೂರ ಮೇಸ್ತ್ರಿ ಮಾಬುಸಾಬ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಎರಡು ದಿನ ಬಂದು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೋಗಿದ್ದ. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ, "ಈ ರಸ್ತಾದಾಗ ಏನೇನು ಹೋಗ್ತೈತಿ ನೋಡಾಕತ್ತೀನಿ ಅಮ್ಮಾ," ಎಂದಿದ್ದ. ಆಗ ನಾನು ಮನಸ್ಸಿನಲ್ಲೇ ಇವನೊಬ್ಬ ಸೋಮಾರಿ ಎಂದುಕೊಂಡಿದ್ದೆ. ನನ್ನ ಬುದ್ಧಿಯ ಮಟ್ಟ ನಿಮಗೆ ಗೊತ್ತಿರಲಿ ಎಂದು ಇದನ್ನೂ ಹೇಳಿದೆ.

ಟೆಂಡರಿನ ದಿನ ಬೋರ್ಡಿನ ಕಮಿಟಿ ನಮ್ಮ ಚಪ್ಪರದ ಹತ್ತಿರವೇ, ಬೇವಿನ ಮರದ ಕೆಳಗೆ ಸೇರಿತು. ಅಧ್ಯಕ್ಷರು ವಕೀಲರು, ಮಾತಿಗೊಮ್ಮೆ ಗಡಿಯಾರ ನೋಡುವವರು. ಹತ್ತಿಯ ಸುಗ್ಗಿ. ಮಿಲ್ಲಿನ ಗೇಟಿನಿಂದ ನಮ್ಮ ಚಪ್ಪರ ದಾಟಿ ಗಾಡಿಗಳ ಸಾಲು. ಆ ಸಾಲಿನಲ್ಲಿ ಉರುಕುಂದಪ್ಪನೂ ಇದ್ದ. ಬೆಳಿಗ್ಗೆಯೇ ನನಗೆ ಹೇಳಿಬಿಟ್ಟಿದ್ದ: "ಹೇರು ಇಳಿಸಿ ಬರತನ ಕಾಯ್ತೀನ್ರಿ. ಅಷ್ಟ್ರಾಗ ಏನೂ ಆಗಲಿಲ್ಲಂದ್ರ ಖಾಲಿ ಗಾಡ್ಯಾಗ ಆಕೀನ ಊರಿಗೆ ಕರಕೊಂಡು ಹೋಗ್ತೀನಿ."

ನಾನು ಒಳಗೆ ಮಗ್ಗಿ ಹೇಳಿಸುತ್ತಿದ್ದೆ, ಕಿವಿ ಹೊರಗಿತ್ತು. ಸಾಲು ಒಂದೊಂದೇ ಗಾಡಿಯಷ್ಟು ಮುಂದೆ ಸರಿಯುತ್ತಿತ್ತು. ಉರುಕುಂದಪ್ಪನ ಗಾಡಿ ನಮ್ಮ ತಟ್ಟಿಯ ಎದುರು ಬಂದು ನಿಂತಾಗ ಅಧ್ಯಕ್ಷರ ದನಿ ಕೇಳಿಸಿತು. "ಹಾಗಾದರೆ ಬಳ್ಳಾರಿಯವರಿಗೇ ಕೊಡೋಣ. ನಕ್ಷೆ ಇದ್ದ ಹಾಗೆ." ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಹೊರಗೆ ಬಂದೆ.

"ಸಾರ್, ಸಹಿ ಮಾಡೋಕೆ ಮುಂಚೆ ಒಂದು ಸಲ ಆ ಗಾಡಿಯ ಮೇಲೇರಿ ನೋಡಿ," ಎಂದೆ.

ಓವರ್ಸಿಯರು ನಕ್ಕರು. "ನಾವೇನು ಕೋತಿಗಳೇನಮ್ಮಾ, ಗಾಡಿ ಏರೋದಕ್ಕೆ?"

ಯಾರೂ ಏಳಲಿಲ್ಲ. ಅಧ್ಯಕ್ಷರು ಲೇಖನಿಯ ಮುಚ್ಚಳ ತೆಗೆದರು. ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹತ್ತಿರ ಹೋದೆ. ಮಾಬುಸಾಬ ತನ್ನ ನಿಚ್ಚಣಿಕೆಯನ್ನು ತಂದು ಹೇರಿಗೆ ಆನಿಸಿ, ಮುಖವನ್ನು ಆಚೆಗೆ ತಿರುಗಿಸಿ ಹಿಡಿದುಕೊಂಡ. ಬಿಳಿ ಸೀರೆಯ ವಿಧವೆಯೊಬ್ಬಳು ನಡುಹಗಲಲ್ಲಿ, ಮಾರ್ಕೆಟ್ ರಸ್ತೆಯಲ್ಲಿ, ಹತ್ತಿ ಹೇರಿನ ಮೇಲೆ! ಮೊಣಕಾಲು ಅರಳೆಯಲ್ಲಿ ಹೂತುಹೋಯಿತು. ಬೀದಿಯವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ತಟ್ಟಿಯ ಒಳಗೆ ನೋಡಿದೆ. ಜಡೆಗಳು ಕಂಡವು, ಚಾಚಿದ ಕಾಲುಗಳು ಕಂಡವು. ತಿಮ್ಮಕ್ಕನ ಸ್ಲೇಟಿನ ಮೇಲಿನ ಅಕ್ಷರವೂ ಕಂಡಿತು.

"ತಿಮ್ಮಕ್ಕಾ," ಎಂದು ಕೂಗಿದೆ. "ಏಳೆಂಟ್ಲೆ ಐವತ್ನಾಲ್ಕಲ್ಲ, ಒರೆಸು ಅದನ್ನ!"

ಒಳಗೆ ಹುಡುಗಿಯರು ಕಿಟಾರನೆ ಕಿರುಚಿಕೊಂಡರು, ಸ್ಲೇಟುಗಳು ಕೆಳಗೆ ಬಿದ್ದ ಸದ್ದಾಯಿತು. ಹೊರಗೆ ಅಧ್ಯಕ್ಷರು ಎದ್ದು ನಿಂತರು. ನನ್ನನ್ನಲ್ಲ, ಉರುಕುಂದಪ್ಪನನ್ನು ಕೇಳಿದರು.

"ಏನಪ್ಪಾ, ನಿನಗೆ ದಿನಾ ಇಷ್ಟು ಕಾಣ್ತದೇನು?"

"ದಿನಾ ಕಾಣ್ತೈತ್ರಿ ಬುದ್ಧಿ. ನಾನು ಮಾರಿ ಆ ಕಡಿ ಮಾಡ್ತೀನ್ರಿ. ಎಲ್ರೂ ಮಾಡ್ತಾರೇನ್ರಿ?"

ಅಷ್ಟರಲ್ಲಿ ಮುಂದಿನ ಗಾಡಿ ಸರಿಯಿತು. ಹಿಂದಿನವರು ಕೂಗಿದರು, ಎತ್ತುಗಳು ತಮ್ಮಷ್ಟಕ್ಕೆ ಹೆಜ್ಜೆ ಹಾಕಿದವು. ನಿಚ್ಚಣಿಕೆ ಅಲ್ಲೇ ಉಳಿಯಿತು, ನಾನು ಮೇಲೆಯೇ ಉಳಿದೆ. ಬೇವಿನ ಮರದ ಕೆಳಗೆ ವಾದ ಶುರುವಾಗಿತ್ತು, ನನಗೆ ಒಂದು ಮಾತೂ ಕೇಳಿಸದು. ಗೋಡೆ ಎತ್ತರಿಸಲು ಯುದ್ಧದ ಕಾಲದಲ್ಲಿ ಕಲ್ಲು ಸುಣ್ಣ ಎಲ್ಲಿಂದ ತರೋಣ ಎಂದು ಓವರ್ಸಿಯರು ಕೈ ಆಡಿಸುತ್ತಿದ್ದಿರಬೇಕು. ಮಿಲ್ಲಿನ ಗೇಟು ಹತ್ತಿರವಾಗುತ್ತಿತ್ತು. ಹೊರಳಿ ನೋಡಿದರೆ ಮಾಬುಸಾಬ ಮೇಜಿನ ಮೇಲಿದ್ದ ನಕ್ಷೆಗೆ ಕೈ ಹಾಕಿದ್ದ. ಅದನ್ನು ಎತ್ತಲಿಲ್ಲ, ಹರಿಯಲಿಲ್ಲ. ಸುಮ್ಮನೆ ತಿರುಗಿಸಿಟ್ಟ, ತಲೆಕೆಳಗಾಗಿ.

ಗೇಟಿಗೆ ಎರಡೇ ಗಾಡಿ ಇದ್ದಾಗ ಅವನು ನಿಚ್ಚಣಿಕೆ ಹೊತ್ತು ಓಡಿ ಬಂದ.

"ಇಳೀರಿ ಅಮ್ಮಾ. ನನಗೇ ಕೊಟ್ರು. ಕಾಂಪೌಂಡು ಎತ್ತರ ಮಾಡೋದೇ ಬ್ಯಾಡ, ಸಾಲೀನೇ ತಿರುಗಿಸಿ ಕಟ್ತೀನಿ ಅಂದೆ. ರಸ್ತಾಕ್ಕ ಬೆನ್ನು, ಅಂಗಳ ಆ ಕಡಿ. ಅದೇ ಕಲ್ಲು, ಅದೇ ಸುಣ್ಣ."

ಉರುಕುಂದಪ್ಪ ಹೇರು ಇಳಿಸಿ, ಖಾಲಿ ಗಾಡಿಯಲ್ಲಿ ಒಬ್ಬನೇ ಊರಿಗೆ ಹೋದ. ನಾನು ಮನೆಗೆ ಹೋಗಿ ಸೀರೆಯಿಂದ ಅರಳೆ ಆರಿಸುತ್ತಾ ಗಳಗಳ ಅತ್ತೆ. ಊರಿನವರು ನನ್ನ ಬಗ್ಗೆ ಆರು ತಿಂಗಳು ಆಡಿಕೊಂಡರು. ಆಡಿಕೊಳ್ಳಲಿ, ತಿಮ್ಮಕ್ಕ ಆ ಶಾಲೆಯ ಕೊನೆಯ ತರಗತಿಯನ್ನು ಮುಗಿಸಿಕೊಂಡೇ ಹೋದಳು.

ಇಷ್ಟನ್ನು ಹೇಳಿ ಮುಗಿಸಿ, ನಾನು ಎಂಜಿನಿಯರ್ ಹುಡುಗಿಯನ್ನು ಗದರಿಸುವ ದನಿಯಲ್ಲೇ ಕೇಳಿದೆ. "ಮಾಬುಸಾಬ ರಸ್ತೆಯನ್ನು ನೋಡಿ ಕಟ್ಟಿದ. ನೀನು ಯಾರನ್ನ ಕೇಳಿ ಒಡೀತಿ?"

"ಹುಡುಗ್ಯಾರನ್ನೇ ಕೇಳಿದೆ ಅಮ್ಮಾ. ಏನು ಬೇಕು ಅಂದ್ರ, ಕ್ಲಾಸಿನಾಗ ಕುಂತ್ರ ಹೊರಗ ಕಾಣಬೇಕು ಅಂದ್ರು."

ಆವತ್ತು ನಾವು ಏನೆಲ್ಲ ಮಾಡಿದೆವು! ಓವರ್ಸಿಯರು ಕೊಡೆ ಹಿಡಿದರು, ಮೇಸ್ತ್ರಿ ರಸ್ತೆ ನೋಡಿದ, ನಾನು ಹೇರು ಏರಿದೆ. ಒಳಗೆ ಕೂತವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳಿದ್ದವಳು ತಿಮ್ಮಕ್ಕನೇ. ಮಾರನೆಯ ದಿನ ಸ್ಲೇಟು ತೋರಿಸುವ ನೆಪದಲ್ಲಿ ಹತ್ತಿರ ಬಂದು, "ಟೀಚರಮ್ಮಾ, ಅಷ್ಟು ಮ್ಯಾಲಿಂದ ಏನೇನು ಕಾಣ್ತೈತ್ರಿ?" ಎಂದಿದ್ದಳು. ಅವಳ ಕಣ್ಣು ಅರಳಿತ್ತು. ನಾನು, "ಸುಮ್ಮನೆ ಕೂತು ಮಗ್ಗಿ ಬರಿ," ಎಂದು ಗದರಿಸಿ ಕಳಿಸಿದ್ದೆ. ಆಮೇಲೆ ಮೂರು ವರ್ಷ, ಮಳೆ ಬಿಸಿಲೆನ್ನದೆ, ಅವಳನ್ನು ಆ ಬೆನ್ನುಗೋಡೆಗೆ ಮುಖ ಮಾಡಿಸಿ ಕೂರಿಸಿದ್ದೂ ನಾನೇ.

ಎಂಜಿನಿಯರ್ ಹುಡುಗಿಯ ಕೈಯಿಂದ ಕಾಗದ ತೆಗೆದುಕೊಂಡೆ. ಬಾಗಿಲು ಇಡಿ, ಕಿಟಕಿಯನ್ನು ನೆಲದಲ್ಲಿ ಕೂತ ಹುಡುಗಿಯ ಕಣ್ಣಿನ ಮಟ್ಟಕ್ಕೆ ಇಡಿ ಎಂದು ಬರೆದು ಸಹಿ ಹಾಕಿದೆ. ಅವಳು ನಕ್ಷೆ ಸುತ್ತಿಕೊಂಡು ಹೊರಟುಹೋದಳು. ಆ ಅರಳೆಯ ಚೂರು ಇನ್ನೂ ನನ್ನ ಬೆರಳ ಸಂದಿಯಲ್ಲೇ ಇತ್ತು.

ಕೋಟೆಯ ಬೆಟ್ಟ ಬುಡದ ತನಕ ಕಾಣ್ತೈತಿ ತಿಮ್ಮಕ್ಕಾ. ಸ್ಟೇಷನ್ ಬಿಟ್ಟ ರೈಲಿನ ಹೊಗೆ ಕಾಣ್ತೈತಿ. ನಿಮ್ಮೂರ ದಾರಿ ಕಾಣ್ತೈತಿ, ಅದರ ತುಂಬ ಗಾಡಿ. ಬಹಳ ಚೆಂದ ಕಾಣ್ತೈತಿ.